ಹಸಿವೆ ಇಲ್ಲದ ಉಪವಾಸ

ಈ ಸಭೆಯ ಅಧ್ಯಕ್ಷರಾದ ನೇಮಣ್ಣನವರೇ, ವೇದಿಕೆಯ ಹಿರಿಯರೇ, ಘಟಪ್ರಭಾ ಕೊಣ್ಣೂರುಗಳಿಂದ ಬಂದಿರುವ ಸಭಿಕರೇ,

ನಮ್ಮ ಜೈನರ ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವರನ್ನು ಸತ್ಕರಿಸುವ ಈ ದಿನ, ತಮ್ಮನಿಗೆ ಕಿಡ್ನಿ ಕೊಟ್ಟವಳೆಂದು ನನಗೂ ಶಾಲು ಹೊದಿಸಿದ್ದೀರಿ. ಮೂರು ನಿಮಿಷ ಮಾತನಾಡಿ ಎಂದಿದ್ದಾರೆ ಅಧ್ಯಕ್ಷರು. ಅವರ ಮೂರು ನಿಮಿಷ ಎಷ್ಟು ಉದ್ದವೆಂದು ಈಗಷ್ಟೇ ನೋಡಿದಿರಿ.

ನಾನು ಒಂದೇ ಕಡೆ ನೋಡುತ್ತಿದ್ದರೆ ಕ್ಷಮಿಸಿ. ಉಪವಾಸದವರ ಸಾಲಿನಲ್ಲಿ ತೇಜಸ ಕುಳಿತಿದ್ದಾರೆ. ಮಾರ್ಚಿನಲ್ಲಿ ಅವರಿಗೆ ತಾಯಿ ಕಿಡ್ನಿ ಕೊಟ್ಟರು. ಇಂದು ಬೆಳಿಗ್ಗೆ ಉಪವಾಸ ಬಿಡುವ ಪಾರಣೆಯಲ್ಲಿ ಅವರು ಹೆಸರುಬೇಳೆಯ ನೀರನ್ನು ಹಾಗೇ ಬಿಟ್ಟರು. ‘ಹಸಿವಿಲ್ರಿ ಅಕ್ಕಾರ’ ಎಂದರು. ದವಾಖಾನೆಗೆ ನಡೆಯಿರಿ ಎಂದರೆ, ‘ಸತ್ಕಾರ ಮುಗೀಲಿ ತಡೀರಿ’ ಎಂದರು.

ನನ್ನ ತಮ್ಮ ಧನ್ಯಕುಮಾರನೂ ಹೋದ ವರ್ಷ ಮೂರು ದಿನ ಉಪವಾಸ ಮಾಡಿದ್ದ. ‘ಗುಳಿಗಿ ತಗೊಳ್ಳಾವಗ ಉಪವಾಸ ಯಾಕೋ?’ ಎಂದೆ.

‘ಹಸಿವೇ ಇಲ್ಲಕ್ಕಾ. ಹೊಟ್ಟಿ ಉಬ್ಬೈತಿ, ಸಣ್ಣಗ ಹಿಡದಂಗ ಆಗತೈತಿ, ಅಷ್ಟ. ಜ್ವರಾ ಇಲ್ಲ. ಕಿಡ್ನಿ ಕೊಟ್ಟೇನಿ ಅಂತ ಹೊಟ್ಟೀನೂ ನಂದ ಅನ್ನಬ್ಯಾಡ!’

ಅವನು ನಕ್ಕ. ನಾನೂ ನಕ್ಕೆ. ಓಣಿಯವರು ಬಂದು ತಪಸ್ವಿ ಎಂದು ಹೊಗಳಿದರು. ನನಗೆ ಹೆಮ್ಮೆಯಾಗಿತ್ತು. ಹೌದು, ಹೆಮ್ಮೆ.

ಪಾರಣೆಯ ದಿನ ಎರಡು ಚಮಚ ಕುಡಿದು ಒರಗಿದ. ಬೆಳಗಾವಿಯಲ್ಲಿ ಡಾಕ್ಟರು ಹೇಳಿದರು: ‘ಕರುಳು ತೂತಾಗಿ ಮೂರು ದಿನಾ ಆಗಿರಬೇಕ್ರಿ. ಕಿಡ್ನಿ ಉಳಿಸಾಕ ಕೊಡೋ ಗುಳಿಗಿ ನೋವು, ಜ್ವರ ಎರಡನ್ನೂ ಮುಚ್ಚಿಬಿಡತಾವ. ಇಂಥವರು ಸಣ್ಣ ನೋವಿಗೇ ಓಡಿ ಬರಬೇಕು.’

ಆ ದಿನವೂ ನನ್ನ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದನ್ನು ಹೊತ್ತವನು ಆರನೇ ದಿನ ಹೋದ. ಈ ಶಾಲು ಯಾತಕ್ಕೆ? ಕೊಟ್ಟದ್ದಕ್ಕೋ, ಅವನ ನೋವು ನನಗೆ ಕಾಣದೆ ಹೋದದ್ದಕ್ಕೋ?

ಇದನ್ನೆಲ್ಲ ಹೇಳಬೇಕೆಂದು ಬಂದವಳಲ್ಲ. ಬರೆದು ತಂದ ಹಾಳೆಯಲ್ಲಿ ಬರೀ ಧನ್ಯವಾದಗಳಿವೆ. ಆದರೆ ತೇಜಸ, ನಾನು ಮಾತನಾಡಿದಷ್ಟು ಹೊತ್ತೂ ನಿಮ್ಮ ಕೈ ಹೊಟ್ಟೆಯಿಂದ ಸರಿದಿಲ್ಲ. ಏನೂ ಇರಲಿಕ್ಕಿಲ್ಲ. ಇರದಿದ್ದರೆ ನಾಳೆ ನನ್ನನ್ನು ಬೈಯಿರಿ, ಊರೆಲ್ಲ ನಗಲಿ. ಅಧ್ಯಕ್ಷರ ಜೀಪು ಬಾಗಿಲಲ್ಲೇ ಇದೆ. ನಿಮ್ಮನ್ನು ಕೇಳದೆ ಅದನ್ನು ಕೊಡುತ್ತಿದ್ದೇನೆ, ನೇಮಣ್ಣನವರೇ, ಮನ್ನಿಸಿ. ತೇಜಸ ಏಳುವವರೆಗೆ ನನ್ನ ಮೂರು ನಿಮಿಷ ಮುಗಿಯುವುದಿಲ್ಲ.

ಎದ್ದರು. ದಯವಿಟ್ಟು ದಾರಿ ಬಿಡಿ. ನಾನೂ ಜೊತೆಗೆ ಹೋಗುತ್ತೇನೆ. ಶಾಲು ಕುರ್ಚಿಯ ಮೇಲಿರಲಿ. ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ನಮಸ್ಕಾರ.