ಯುರೋಪಾಕ್ಕೆ ಹೋಗದ ಜೀವಿಗಳು

ಈ ಸಭೆಯ ಅಧ್ಯಕ್ಷರೂ ನಮ್ಮ ಸಂಸ್ಥೆಯ ನಿರ್ದೇಶಕರೂ ಆದ ಮಾನ್ಯರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಮಾಜಿ ಮಂತ್ರಿಗಳೇ, ವೇದಿಕೆಯ ಮೇಲೆ ತಾವು ಯಾಕೆ ಕೂತಿದ್ದೇವೆಂದು ತಮಗೂ ಸರಿಯಾಗಿ ಗೊತ್ತಿಲ್ಲದ ಇತರ ಗಣ್ಯರೇ, ಕಾಫಿ ಬಂತೇ ಎಂದು ಆಗಾಗ ಬಾಗಿಲ ಕಡೆ ನೋಡುತ್ತಿರುವ ನನ್ನ ಪ್ರೀತಿಯ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತಮೂರು ವರ್ಷದ ಸೇವೆಗೆ ಐದು ನಿಮಿಷ. ಬಹಳ ಉದಾರ ಮನಸ್ಸು.

ಇಷ್ಟು ಹೊತ್ತು ನನ್ನ ಬಗ್ಗೆ ನಾಲ್ಕು ಜನ ಮಾತಾಡಿದರು. ಕೇಳುತ್ತಾ ಕೇಳುತ್ತಾ, ಯಾರಪ್ಪ ಈ ಮಹಾತಾಯಿ, ಒಮ್ಮೆ ಹೋಗಿ ನೋಡಿ ಬರಬೇಕಲ್ಲ ಅನ್ನಿಸಿತು. ನಿರ್ದೇಶಕರಂತೂ ನನ್ನನ್ನು 'ಸಂಸ್ಥೆಯ ಆತ್ಮಸಾಕ್ಷಿ' ಎಂದುಬಿಟ್ಟರು. ಸಂತೋಷ ಸಾರ್. ಆ ಆತ್ಮಸಾಕ್ಷಿಯನ್ನು ತಾವು ಕಳೆದ ಆರು ವರ್ಷ ನೆಲಮಾಳಿಗೆಯ ಫ್ರೀಜರ್ ಕೋಣೆಯಲ್ಲಿ ಇರಿಸಿದ್ದಿರಿ. ಕೆಡಬಾರದೆಂಬ ಕಾಳಜಿ ಇರಬೇಕು.

ಹೊಸಬರಿಗಾಗಿ ನನ್ನ ಕೆಲಸ ಏನಿತ್ತೆಂದು ಹೇಳುತ್ತೇನೆ. ನಮ್ಮ ಅಕ್ಕನಿಗೆ ಇವತ್ತಿಗೂ ಅದು ಅರ್ಥವಾಗಿಲ್ಲ. "ನೀನು ರಾಕೆಟ್ ಒರೆಸೋಳು ತಾನೇ?" ಎನ್ನುತ್ತಾಳೆ. ಇಲ್ಲಿ ಕೂತಿರುವ ಕೆಲವು ವಿಜ್ಞಾನಿಗಳಿಗಿಂತ ಅವಳೇ ವಾಸಿ. ಗುರುಗ್ರಹಕ್ಕೆ ಯುರೋಪಾ ಎಂಬ ಚಂದ್ರನಿದೆ. ಮೇಲೆ ದಪ್ಪನೆಯ ಮಂಜುಗಡ್ಡೆ, ಕೆಳಗೆ ಸಮುದ್ರ ಇದೆಯೆಂದು ತಿಳಿದವರು ನಂಬುತ್ತಾರೆ. ನೀರಿದ್ದರೆ ಜೀವ ಇರಬಹುದು. ಈ 'ಇರಬಹುದು' ಎಂಬ ಒಂದೇ ಪದದ ಮೇಲೆ ನಮ್ಮ ಮೂರು ಕಟ್ಟಡಗಳು ನಿಂತಿವೆ. ನಾವು ಅಲ್ಲಿಗೊಂದು ಯಂತ್ರ ಕಳಿಸುವವರಿದ್ದೆವು. ಮಂಜನ್ನು ಕೊರೆದು ಪುಡಿ ಎತ್ತಿ, ಅದರಲ್ಲಿ ಜೀವ ಇದೆಯೇ ಎಂದು ನೋಡುವ ಯಂತ್ರ. ಆದರೆ ಇಲ್ಲಿಂದಲೇ ಯಾರದೋ ಬೆವರಿನ ಬ್ಯಾಕ್ಟೀರಿಯಾ ಅದರ ಮೇಲೆ ಕೂತು ಹೋದರೆ? ಅಷ್ಟು ದೂರ ಹೋಗಿ, ಅಷ್ಟು ಆಳ ಕೊರೆದು, ಕೊನೆಗೆ ನಮ್ಮ ಕೊಳೆಯನ್ನೇ ಕಂಡು ಚಪ್ಪಾಳೆ ತಟ್ಟಿದ ಹಾಗಾಗುತ್ತದೆ. ಅದಕ್ಕೇ ಹತ್ತಿಕಡ್ಡಿಯಿಂದ ಯಂತ್ರದ ಮೈಯೆಲ್ಲ ಒರೆಸಿ, ಆ ಕಡ್ಡಿಯನ್ನು ಗಾಜಿನ ತಟ್ಟೆಯಲ್ಲಿ ಸವರಿ, ಏನು ಬೆಳೆಯುತ್ತದೆ ಎಂದು ಎಣಿಸುವುದು ನನ್ನ ಕೆಲಸ. ಮೂವತ್ತಮೂರು ವರ್ಷ 'ಇಲ್ಲ' ಎಂದು ಬರೆಯುವುದಕ್ಕೆ ಸಂಬಳ ತೆಗೆದುಕೊಂಡ ಹೆಂಗಸು ನಾನು.

ಏಳು ವರ್ಷದ ಹಿಂದೆ, ಯಂತ್ರ ಹೊರಡಲು ಮೂರು ವಾರ ಇರುವಾಗ ನಮ್ಮ ಮುಖ್ಯ ಅತಿಥಿಗಳು ಬಂದಿದ್ದರು. ಆಗ ಮಾಜಿ ಆಗಿರಲಿಲ್ಲ. ನೆನಪಿದೆಯೇ ಸಾರ್? ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಡಿಸಿ ಶುಚಿಕೋಣೆಯೊಳಗೆ ಕರೆದುಕೊಂಡು ಹೋದೆವು. ಫೋಟೊದಲ್ಲಿ ಮುಖ ಕಾಣಬೇಕಲ್ಲ, ತಾವು ಮಾಸ್ಕನ್ನು ಗದ್ದಕ್ಕಿಳಿಸಿ, ಯಂತ್ರದ ಮೇಲೆ ಕೈ ಇಟ್ಟು ನಕ್ಕಿರಿ. ಎರಡು ದಿನ ಬಿಟ್ಟು ನಾನು ಒರೆಸಿದೆ. ಕೊರೆಯುವ ಡ್ರಿಲ್ಲಿನ ತೋಳಿನ ಮೇಲೆ, ಒಂದು ಅಂಗೈ ಅಗಲದ ಜಾಗದಲ್ಲಿ, ಇರಬಾರದಷ್ಟು ಬ್ಯಾಕ್ಟೀರಿಯಾ.

ನಿರ್ದೇಶಕರು ನನ್ನನ್ನು ಕೋಣೆಗೆ ಕರೆದರು. ಬಾಗಿಲು ಹಾಕಿ, "ಕೂತ್ಕೊಳ್ಳಿ" ಎಂದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಕೂರಲು ಹೇಳಿದ್ದು. ಆಗಲೇ ನನಗೆ ಅನುಮಾನ ಬಂತು.

"ನೋಡಿಯಮ್ಮ, ಅಲ್ಲಿನ ಚಳಿಗೆ, ವಿಕಿರಣಕ್ಕೆ ಎಲ್ಲಾ ಸತ್ತೇ ಹೋಗುತ್ತೆ. ಶುಚಿ ಇದೆ ಅಂತ ಒಂದು ಸಹಿ ಹಾಕಿಬಿಡಿ."

"ಅಲ್ಲಿ ಯಾವುದೂ ಬದುಕಲ್ಲ ಅಂತ ತಮಗೆ ಅಷ್ಟು ಖಾತ್ರಿ ಇದ್ರೆ ಸಾರ್, ನಾವು ಹೋಗ್ತಿರೋದು ಯಾಕೆ?"

ಅವರು ಪೆನ್ನನ್ನು ನನ್ನ ಕಡೆ ತಳ್ಳಿದರು. ಉತ್ತರ ಇವತ್ತಿನವರೆಗೂ ಕೊಟ್ಟಿಲ್ಲ. ಕಾಯುತ್ತಿದ್ದೇನೆ.

ನಾನು ಸಹಿ ಹಾಕಲಿಲ್ಲ. ಮತ್ತೆ ಬಿಚ್ಚಿ ಶುಚಿ ಮಾಡುವಷ್ಟರಲ್ಲಿ ಹೊರಡುವ ಸಮಯ ತಪ್ಪಿತು. ಗುರುಗ್ರಹದ ದಾರಿ ಅನುಕೂಲವಾಗುವುದು ಹದಿಮೂರು ತಿಂಗಳಿಗೊಮ್ಮೆ. ಪತ್ರಿಕೆಗಳಲ್ಲಿ ಆ ಫೋಟೊ ಮತ್ತೆ ಬಂತು, ಈ ಸಲ ಕೈಯ ಸುತ್ತ ಕೆಂಪು ಗೆರೆ ಎಳೆದು. 'ಮಂತ್ರಿಗಳ ಕೊಳಕು ಕೈ' ಎಂದು ಊರೆಲ್ಲ ನಕ್ಕಿತು. ಮುಖ್ಯ ಅತಿಥಿಗಳ ಖಾತೆ ಹೋಯಿತು, ಆಮೇಲೆ ಕುರ್ಚಿಯೂ ಹೋಯಿತು. ನನ್ನ ಜೊತೆ ಕ್ಯಾಂಟೀನಿನಲ್ಲಿ ಕೂರುತ್ತಿದ್ದವರಿಗೆಲ್ಲ ಇದ್ದಕ್ಕಿದ್ದಂತೆ ಬೇರೆ ಮೇಜುಗಳು ಇಷ್ಟವಾದವು. ಯಂತ್ರ ಮೇಲೆ ಹೋದ ಮರುವಾರವೇ ನನಗೆ ಫ್ರೀಜರ್ ಕೋಣೆಗೆ ವರ್ಗ ಆಯಿತು. ಅಲ್ಲಿಯವರೆಗೆ ತಡೆದರಲ್ಲ, ದೊಡ್ಡವರು. ಒರೆಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಇಲ್ಲಿಗೆ ಮುಗಿಸಿ ಎಂದು ನಿರೂಪಕರು ಚೀಟಿ ಕಳಿಸಿದ್ದಾರೆ. ಚೀಟಿಗೆ ವಂದನೆಗಳು.

ಆ ಡ್ರಿಲ್ಲನ್ನು ಮಾಡಿದ್ದು ನನ್ನ ಗಂಡ. ಹಳಬರಿಗೆ ಗೊತ್ತಿದೆ. ಒಂಬತ್ತು ವರ್ಷ ಅದರ ಹಿಂದೆ ಬಿದ್ದಿದ್ದರು. ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಿರಿ ಎಂದರೆ ಆಗದ ಮನುಷ್ಯ, ಗುರುಗ್ರಹದ ಚಂದ್ರನಿಗೆ ತೂತು ಕೊರೆಯಲು ಹೊರಟಿದ್ದರು. ನಮಗೆ ಮಕ್ಕಳಿಲ್ಲ. ಆ ವಿಷಯ ಇಲ್ಲಿ ಬೇಡ.

ನಾನು ವರದಿ ಬರೆಯುವ ಮುಂಚಿನ ಸಂಜೆ ಅವರು ಊಟಕ್ಕೆ ಕೂತವರು ತಟ್ಟೆಯನ್ನೇ ನೋಡುತ್ತಿದ್ದರು. ನನಗೇನೋ ಹೊಳೆಯಿತು. ಮದುವೆಯಾದಾಗಿನಿಂದ "ಕೈ ತೊಳ್ಕೊಳ್ರೀ, ಕೈ ತೊಳ್ಕೊಳ್ರೀ" ಎಂದು ಅವರ ಪ್ರಾಣ ತಿಂದ ನಾನು, ಅವತ್ತು ಮಾತ್ರ "ಕೈ ತೊಳೀಬೇಡಿ, ಇಲ್ಲಿ ಕೊಡಿ" ಎಂದೆ. ಬ್ಯಾಗಿನಿಂದ ಹತ್ತಿಕಡ್ಡಿ ತೆಗೆದೆ.

ಅವರು ಕೈ ಚಾಚಿದರು. "ಪರೀಕ್ಷೆ ಯಾಕೆ ದಂಡಕ್ಕೆ? ನಾನೇ ಮುಟ್ಟಿದ್ದು ಕಣೆ. ಗ್ಲೌಸ್ ತೆಗೆದು."

"ತಲೆ ಕೆಟ್ಟಿತ್ತಾ ನಿಮಗೆ?"

"ಒಂಬತ್ತು ವರ್ಷ ಗ್ಲೌಸಲ್ಲೇ ಮುಟ್ಟಿದೀನಿ. ಹೋಗೋಕೆ ಮುಂಚೆ ಒಂದ್ಸಲ ಬರಿಗೈಯಲ್ಲಿ ಮುಟ್ಟೋಣ ಅನ್ನಿಸ್ತು."

"ಅದು ಹೊರಡೋಕೆ ಇನ್ನೂ ಮೂರು ವಾರ ಇತ್ತಲ್ಲ!"

"ನಾನು ಹೋಗೋಕೆ ಮುಂಚೆ ಅಂದೆ."

ಜೇಬಿನಿಂದ ಆಸ್ಪತ್ರೆಯ ಕಾಗದ ತೆಗೆದು ತಟ್ಟೆಯ ಪಕ್ಕ ಇಟ್ಟರು. ಡಾಕ್ಟರು ಒಂದು ವರ್ಷ ಎಂದಿದ್ದರು. ಅದೂ ಸ್ವಲ್ಪ ಧಾರಾಳವಾಗಿ.

ಸಭಿಕರೇ, ಲೆಕ್ಕ ತಮಗೂ ಬರುತ್ತದೆ. ನಾನು ಸಹಿ ಹಾಕಿದ್ದರೆ ಮೂರು ವಾರದಲ್ಲಿ ಯಂತ್ರ ಹೊರಡುತ್ತಿತ್ತು, ಅವರು ಅದನ್ನು ಕಣ್ಣಾರೆ ನೋಡುತ್ತಿದ್ದರು. ಹಾಕದಿದ್ದರೆ ಹದಿಮೂರು ತಿಂಗಳು. ಅವತ್ತು ನಾನು ಅವರನ್ನೇ ಕೇಳಿದೆ, "ಏನು ಮಾಡ್ಲಿ ಹೇಳಿ." ಅವರು ನಕ್ಕರು. "ಸಹಿ ಹಾಕಬೇಡ ಮಾರಾಯ್ತಿ. ಅಲ್ಲಿ ಹೋಗಿ ನನ್ನ ಅಂಗೈ ಕೊಳೆ ಕಂಡುಹಿಡಿದ್ರೆ ಸತ್ತ ಮೇಲೂ ಮಾನ ಹೋಗುತ್ತೆ. ಆದ್ರೆ ಮುಟ್ಟಿದ್ದು ನಾನು ಅಂತ ಬರೆದುಬಿಡು."

ಮೊದಲನೆಯ ಮಾತು ಕೇಳಿದೆ. ಎರಡನೆಯದನ್ನು ಕೇಳಲಿಲ್ಲ. ಬರೆದಿದ್ದರೆ ಮಾರನೆಯ ದಿನವೇ ಅವರನ್ನು ಯೋಜನೆಯಿಂದ ತೆಗೆಯುತ್ತಿದ್ದರು. ಉಳಿದ ದಿನಗಳನ್ನು ಅವರು ಮನೆಯ ಗೋಡೆ ನೋಡುತ್ತಾ ಕಳೆಯಬೇಕಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆದದ್ದೂ ಅವರ ಕೈಯಲ್ಲಿದ್ದದ್ದೂ ಒಂದೇ ಎಂದು ಖಚಿತವಾದ ಮೇಲೂ ವರದಿಯಲ್ಲಿ 'ಮೂಲ: ತಿಳಿದಿಲ್ಲ' ಎಂದು ಬರೆದೆ. ನಿಮ್ಮ ಆತ್ಮಸಾಕ್ಷಿ ಬರೆದದ್ದು, ಸಾರ್. ಫೋಟೊ ಹೇಗೂ ಪತ್ರಿಕೆಯಲ್ಲಿತ್ತು, ಜನ ತಮ್ಮಷ್ಟಕ್ಕೆ ತಾವೇ ಮೂಲ ತಿಳಿದುಕೊಂಡರು. ನಾನು ಸುಮ್ಮನಿದ್ದೆ. ಹನ್ನೊಂದನೆಯ ತಿಂಗಳಲ್ಲಿ ಅವರು ಹೋದರು. ಆ ವಾರದವರೆಗೂ ಡ್ರಿಲ್ಲಿನ ಪಕ್ಕದಲ್ಲೇ ಕೂತಿದ್ದರು, ಗ್ಲೌಸು ಹಾಕಿಕೊಂಡು. ಅವರು ಬರಿಗೈ ಇಟ್ಟಿದ್ದ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿದ್ದು ನಾನೇ. ಮೂರು ಸಲ ಒರೆಸಿದೆ. ನಿಯಮ ಎರಡೇ ಸಲ.

ಮುಖ್ಯ ಅತಿಥಿಗಳೇ, ತಾವು ಕೈ ಇಟ್ಟಿದ್ದು ಯಂತ್ರದ ಮೇಲಲ್ಲ, ಅದರ ಮೇಲಿದ್ದ ಪ್ಲಾಸ್ಟಿಕ್ ಹೊದಿಕೆಯ ಮೇಲೆ. ಅದೂ ಗ್ಲೌಸಿನ ಕೈ. ತಮ್ಮ ಕೈ ಶುದ್ಧವಾಗಿತ್ತು, ಆ ಒಂದು ವಿಷಯದಲ್ಲಿ. ಉಳಿದ ವಿಷಯಗಳನ್ನು ನಾನು ಒರೆಸಿ ನೋಡಿಲ್ಲ. ಏಳು ವರ್ಷ ತಮ್ಮನ್ನು ನಗೆಪಾಟಲಿಗೆ ಬಿಟ್ಟೆ. ತಪ್ಪಾಯಿತು. ಇಷ್ಟೂ ಜನರ ಮುಂದೆ ಕ್ಷಮೆ ಕೇಳುತ್ತೇನೆ. ಪಿಂಚಣಿ ತಡೆಯುವುದಿದ್ದರೆ ಅದಕ್ಕೂ ಸಿದ್ಧ.

ಇನ್ನೊಂದೇ ಮಾತು. ತಟ್ಟೆಯಲ್ಲಿ ಬೆಳೆದದ್ದರ ಸ್ವಲ್ಪ ಭಾಗವನ್ನು ಆಗ ಒಂದು ಸಣ್ಣ ಕೊಳವೆಗೆ ಹಾಕಿ ಫ್ರೀಜರಿನಲ್ಲಿಟ್ಟಿದ್ದೆ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ. ಇವರು ನನ್ನನ್ನು ಶಿಕ್ಷೆಯೆಂದು ಕಳಿಸಿದ್ದು ಅದರ ಪಕ್ಕಕ್ಕೇ. ಹೋದ ವಾರ ಒಂದು ಕಡ್ಡಿ ತುದಿಯಷ್ಟು ತೆಗೆದು ಬೆಚ್ಚಗಿನ ತಟ್ಟೆಯಲ್ಲಿ ಸವರಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಚುಕ್ಕಿ ಚುಕ್ಕಿಯಾಗಿ ಬೆಳೆದಿತ್ತು. ಅಷ್ಟು ಮಂಜಿನೊಳಗೆ ಏಳು ವರ್ಷ.

ಇವತ್ತು ಬೆಳಿಗ್ಗೆ ನನ್ನ ಜಾಗಕ್ಕೆ ಬಂದಿರುವ ಅಧಿಕಾರಿಗೆ ಫ್ರೀಜರು ಒಪ್ಪಿಸಿದೆ. ಬಹಳ ಅಚ್ಚುಕಟ್ಟಿನ ಹೆಣ್ಣುಮಗಳು, ನನ್ನಂತೆಯೇ ಯಾರಿಗೂ ಬೇಡವಾಗುತ್ತಾಳೆ. ಆ ಕೊಳವೆಯನ್ನು ಬೆಳಕಿಗೆ ಹಿಡಿದು, "ಮೇಡಂ, ಇದರ ಮೂಲ ಯಾರಿಗೂ ಗೊತ್ತಿಲ್ವಂತೆ. ಬಿಸಾಡಿಬಿಡ್ಲಾ?" ಎಂದಳು.

"ಬೇಡಮ್ಮ, ಇರಲಿ," ಎಂದೆ. "ಅದರಲ್ಲಿ ಜೀವ ಇದೆ."

ಇಷ್ಟು ಹೊತ್ತು ಕಾಫಿಯ ಆಸೆಯನ್ನು ಅದುಮಿಟ್ಟುಕೊಂಡು ಕೇಳಿದ ನಿಮಗೆಲ್ಲರಿಗೂ ಧನ್ಯವಾದ. ನಮಸ್ಕಾರ.