ಹಸಿರು ಚುಕ್ಕಿಯ ಪ್ರೀಸೆಟ್

ನಗೂದಿದ್ರ ಈಗಽ ನಕ್ಕು ಬಿಡ್ರಿ. ನಡುವ ನಕ್ರ ನಾ ಮುಂದ ಹೇಳಂಗಿಲ್ಲ.

ದಾಂಡೇಲಿಯಿಂದ ಬರೂ ಕಡೀ ಬಸ್ಸು ನಮ್ಮೂರ ಕ್ರಾಸಿಗೆ ನಿಂತು ಹೋತು. ಇಳದಾಂವ ಒಬ್ಬನಽ, ನಮ್ಮ ಸೋದರತ್ತಿ ಮಗ ವೀರೇಶ. ಹಳಿಯಾಳದಾಗ ರೇಡಿಯೋ, ಟೀವಿ ರಿಪೇರಿ ಅಂಗಡಿ ಇಟ್ಟಾನಲ್ಲ, ಅವನಽ. ಕ್ರಾಸಿನಿಂದ ಊರಿಗೆ ಬರೂ ದಾರ್ಯಾಗ ಹಾಳು ಬಾವಿ ಐತಿ. ಹಗ್ಗ ಇಲ್ಲ, ಕೊಡ ಇಲ್ಲ, ತುಕ್ಕ ಹಿಡದ ಗಾಲಿ ಒಂದು ಜೋತಾಡತೈತಿ. ಅವತ್ತ ಕರೆಂಟೂ ಹೋಗಿತ್ತು. ವೀರೇಶಗ ಬಾವಿ ಖಬರಽ ಇರಲಿಲ್ಲ... ಹೊಟ್ಟಿಯೊಳಗ ಬೆಂಕಿ ಬಿದ್ದಿತ್ತು.

ಯಾಕ ಅಂದ್ರ ಕೇಳ್ರಿ.

ದಾಂಡೇಲಿಯೊಳಗ ಮುದಕಪ್ಪ ಅಂತ ಇದ್ರು. ಪೇಪರ್ ಮಿಲ್ಲಿನಾಗ ಇಲೆಕ್ಟ್ರಿಷಿಯನ್. ವೀರೇಶಗ ಬೆಸುಗಿ ಹಾಕೂದು ಕಲಿಸಿದವ್ರು ಅವರಽ. ಪ್ರಾಯದಾಗ ತಾವಽ ಕೂತು ಕಟ್ಟಿದ ಒಂದು ಆಂಪ್ಲಿಫೈಯರ್ ಅವರ ಮನ್ಯಾಗ ಇತ್ತು. "ನಾ ಹೋದ ಮ್ಯಾಲ ಇದು ನಿಂದಽ" ಅಂತ ವೀರೇಶಗ ಹೇಳತಿದ್ರು. ಆ ಒಂದು ಮಾತಿಗೆ ಇಂವ ಅವರ ಮನಿ ಫ್ಯಾನು, ಮೋಟರು, ಮಿಕ್ಸರು ಎಲ್ಲಾ ಹೋಗಿ ಹೋಗಿ ರಿಪೇರಿ ಮಾಡಿಕೊಟ್ಟ.

ಹ್ವಾದ ವರ್ಷ ಅವರು ತೀರಿಕೊಂಡ್ರು. ಮಗ ರೋಹಿತ ಫೋನ್ ಮಾಡಿದ. "ಅಣ್ಣಾ, ಅಪ್ಪನ ಮಷೀನ್ ಕರಕರ ಅನ್ನಾಕತ್ತೇತಿ. ನೀವಽ ಬರ್ರಿ." ನನ್ನದಽ ಮಷೀನು ಅಂತ ಇಂವ ಕುಣಕೋತ ಹ್ವಾದ.

ಕೆಟ್ಟದ್ದು ಪ್ರೀಸೆಟ್. ಶೇಂಗಾ ಕಾಳಿನಷ್ಟು ಸಾಮಾನು, ಮಷೀನಿನ ಹೊಟ್ಟಿಯೊಳಗ ಇರತೈತಿ. ಸಣ್ಣ ಸ್ಕ್ರೂಡ್ರೈವರ್‌ಲೆ ತುಸು ತಿರುವಿ ಕರೆಂಟ್ ಹದಕ್ಕ ತಂದು ಬಿಡೂದು. ಆಮ್ಯಾಲ ಅದು ಅಲುಗಿದ್ರ ಮಷೀನ್ ಕಾದು ಸುಟ್ಟಽ ಹೋಗತೈತಿ. ಅಲುಗಬಾರದು ಅಂತ ಮುದಕಪ್ಪನವ್ರು ಅದರ ಮ್ಯಾಲ ಒಂದು ಚುಕ್ಕಿ ನೇಲ್ ಪಾಲಿಶ್ ಇಡತಿದ್ರು. ಹಸಿರು ಬಣ್ಣದ್ದು. ಮಗಳು ರೂಪಾಲಿ ತಂದು, ಚಂದಿಲ್ಲ ಅಂತ ಒಗದ ಬಾಟ್ಲಿ. ಮಣ್ಣಿಗೆ ಇಡುವಾಗ ಅವರ ಹೆಂಡತಿ ಯಲ್ಲವ್ವ ಆ ಬಾಟ್ಲಿನೂ ಅಂಗಿ ಕಿಸೆದಾಗ ಇಟ್ಟು ಕಳಿಸಿದ್ಲು. ಕಣ್ಣಾರೆ ನೋಡೇನಿ ನಾನು.

ಹೊಸಾ ಪ್ರೀಸೆಟ್ ಸಲುವಾಗಿ ವೀರೇಶ ಹುಬ್ಬಳ್ಳಿ ತನಕ ಅಲದಾಡಿದ. ಮ್ಯಾಲ ತೆರದಿದ್ದು ಬ್ಯಾಡ ಅಂದ, ದಾಂಡೇಲಿ ಥಂಡಿಗೆ, ಧೂಳಿಗೆ ಮತ್ತ ಕರಕರ ಅಂತಾವು. ಮುಚ್ಚಿದ್ದು ಸಿಕ್ಕವು, ಖರೆ ನಂಬರ್ ಅದಽ ಅಲ್ಲ, ಸನೇಕ ಇತ್ತು ಅಷ್ಟಽ.

"ಸನೇಕ ಇದ್ರ ಸಾಕಲ್ಲೋ" ಅಂದೆ ನಾನು.

"ನಡೀತೈತಿ ಅಕ್ಕಾ. ಆದ್ರ ಮುದಕಪ್ಪ ಕಾಕಾ ನಡಸತಿದ್ದಿಲ್ಲ."

ಕಡಿಕ ಸಿಕ್ಕವು. ಮುಚ್ಚಿದ್ದು, ಅದಽ ನಂಬರು, ಹತ್ತಾರು ಸುತ್ತು ತಿರುವಿದ್ರ ಒಂದೀಟು ಸರಿಯೂವು. ಅದರ ತಂತಿ ಕಾಲು ಹಳೇ ತೂತಿಗೆ ಕೂಡಲಿಲ್ಲ, ಒಂದೊಂದಽ ಬಗ್ಗಿಸಿ ಕೂಡಿಸಿದ. ಎಡಗಡೆ ಸ್ಪೀಕರಿಗೊಂದು, ಬಲಗಡೆಗೊಂದು. ಮಷೀನು ಹಾಡ್ತು ನೋಡ್ರಿ... ಯಲ್ಲವ್ವ ಸೆರಗಿನಾಗ ಕಣ್ಣ ಒರಸಿಕೊಂಡ್ಲಂತ.

ಅದಽ ಸಂಜಿಗೆ ಬಾಗಲಿಗೆ ಜೀಪ್ ಬಂತು. ಗಣೇಶಗುಡಿ ಹೋಮ್‌ಸ್ಟೇದವ್ರು. ರೋಹಿತ ಮಷೀನ್ ಎತ್ತಿ ಅವರ ಕೈಯಾಗ ಕೊಟ್ಟ.

"ಇದು ಮೊದಲಽ ಮಾತಾಗಿತ್ತರಿ ಅಣ್ಣಾ" ಅಂದ.

ಯಲ್ಲವ್ವ ಒಳಗಿಂದ ಹೊರಗ ಬರಲಿಲ್ಲ. ವೀರೇಶ ಕಿತ್ತಿಟ್ಟ ಹಳೇ ಪ್ರೀಸೆಟ್ ಎರಡೂ ಕಿಸೆದಾಗ ಹಾಕ್ಕೊಂಡು ಬಸ್ ಹತ್ತಿದ. ಅವನ ಪಾಲಿಗೆ ಬಂದದ್ದು ಅಷ್ಟಽ.

ಹಂಗಽ ಬಾವಿ ಹತ್ರ ಬಂದ.

ಗುಂ... ಅಂತು.

ಆಂಪ್ಲಿಫೈಯರ್ ಚಾಲೂ ಮಾಡಿ ಹಾಡು ಹಚ್ಚದ ಬಿಟ್ರ ಬರತೈತಲ್ಲ, ಆ ಸಪ್ಪಳ. ಕರೆಂಟ್ ಇಲ್ಲ. ಅಲ್ಲೆ ತಂತೀನೂ ಇಲ್ಲ. ಗುಂ... ಬಾವಿಯೊಳಗಿಂದ. ಮ್ಯಾಲ ಗಾಲಿ ತಿರುಗ್ತು. ಕಿರ್ರ್... ಕಿರ್ರ್... ಬೆಸುಗಿ ಹಾಕುವಾಗ ಏಳೂ ರಾಳದ ಹೊಗಿ ವಾಸನಿ ಬಂತು. ಬಾವಿ ಕಟ್ಟಿ ಮ್ಯಾಲ ಯಾರೋ ಕೂತಿದ್ರು. ಬೆನ್ನು ಈ ಕಡೆ.

"ವೀರೂ... ಹಳೇವು ಕೊಡು."

ಪಿಸುಮಾತು. ಇವಗ ಅಂಜಿಕಿಗಿಂತ ಸಿಟ್ಟು ದೊಡ್ಡದಿತ್ತು.

"ಕಾಕಾ, ನನಗ ಕೊಡತೇನಿ ಅಂದಿದ್ರಿ. ನಿಮ್ಮ ಮಗ ಮಾರಿಬಿಟ್ಟ."

"ಅಂವ ಅಲ್ಲ... ಗಣೇಶಗುಡಿಯವ್ರಿಗೆ ನಾನಽ ಮಾತ ಕೊಟ್ಟಿದ್ದೆ."

"ಮತ್ತ ನನಗ್ಯಾಕ ನಿಂದಽ ಅಂತಿದ್ರಿ?"

ಗುಂ...

"ಅನ್ನದಿದ್ರ ನೀ ಬರತಿದ್ದಿಲ್ಲ."

"ದೆವ್ವಕ್ಕ ಅಂಜಿ ಅತ್ತಿಲ್ಲ ಅಕ್ಕಾ, ಆ ಮಾತಿಗೆ ಅತ್ತೆ" ಅಂದ ವೀರೇಶ, ಆಮ್ಯಾಲ ನನ್ನ ಮುಂದ. ಮುದಕಪ್ಪ ಎಂಥಾ ಗುರು ಆಗಿರಲಿ, ಇಂಥಾ ಮೋಸ ಮಾಡಬಾರದಿತ್ತು. ಸತ್ತವ್ರ ಬಗ್ಗೆ ಅನ್ನಬಾರದು, ಆದ್ರೂ ಅಂತೇನಿ ಬಿಡ್ರಿ.

ಹಿಂದಕ್ಕ ಒಂದು ಕೈ ಚಾಚಿತು. ಇಂವ ಎರಡೂ ಪ್ರೀಸೆಟ್ ಆ ಅಂಗೈಯಾಗ ಇಟ್ಟು ಓಡಿದ. ಮನಿ ಮುಟ್ಟಿ ಕೀಲಿಗೆ ಅಂತ ಕಿಸೆದಾಗ ಕೈ ಹಾಕಿದ್ರ... ಚುರ್ ಅಂತು! ಹೊರಗ ತಗದು ನೋಡತಾನ, ಮಷೀನಿಗೆ ಹಾಕಿ ಬಂದಿದ್ದ ಹೊಸಾ ಪ್ರೀಸೆಟ್ ಎರಡೂ. ತಾನಽ ಬಗ್ಗಿಸಿದ ಕಾಲು. ತುದಿಗೆ ಬೆಸುಗಿ ಇನ್ನೂ ಬಿಸಿ.

ಮುಂಜಾನೆ ರೋಹಿತನ ಫೋನು. "ಹಳೇವನ್ನಽ ಹಾಕಿ ಕಳಿಸೀರಿ? ಮಷೀನ್ ಮತ್ತ ಕರಕರ ಅಂತೈತಂತ. ನೀವು ಇಂಥಾ ಮೋಸಗಾರ್ರು ಅಂತ ಗೊತ್ತಿದ್ದಿಲ್ಲ."

ಮೋಸಗಾರ ಯಾರು, ಮಾತು ಯಾರಿಗೆ! ನನ್ನ ಮೈ ಉರದು ಹೋತು. "ನಡಿ, ನಾನೂ ಬರ್ತೇನಿ" ಅಂತ ಅವನ ಗಾಡಿ ಹಿಂದ ಕೂತು ಗಣೇಶಗುಡಿಗೆ ಹ್ವಾದೆ. ಎಲ್ಲಾರ ಮುಂದ ಮಷೀನಿನ ಮುಚ್ಚಳ ಬಿಚ್ಚಿದ್ರು.

ಒಳಗ ಇದ್ದದ್ದು ಹಳೇವಽ. ಎರಡರ ಮ್ಯಾಲೂ ಹಸಿರು ಚುಕ್ಕಿ.

"ನೋಡ್ರಿ ಮತ್ತ" ಅಂತ ರೋಹಿತ ಒಂದು ನಮೂನಿ ನಕ್ಕ. ನನಗ ಸುಮ್ಮನಿರಾಕ ಆಗಲಿಲ್ಲ, ಆ ಚುಕ್ಕಿ ಮ್ಯಾಲ ಬೆರಳಿಟ್ಟೆ. ಬೆರಳಿಗೆ ಹಸಿರು ಹತ್ತಿತು.

ನಾ ಹೆಣ್ಣಮಗಳು. ನೇಲ್ ಪಾಲಿಶ್ ಒಣಗಾಕ ಎಷ್ಟ ಹೊತ್ತು ಬೇಕು ಅಂತ ನನಗ ಯಾರೂ ಕಲಿಸಬ್ಯಾಡ್ರಿ. ಅದು ಹಸಿ ಇತ್ತು.