ಡಾಲರ್ ಅಂದ್ರೂ ಅಲ್ಲಾಡದ ಹುಬ್ಬು

ಹಾಂ! ಅಲ್ಲಾಡ್ತು! ನಾನು ಡಾಲರ್ ಅಂದ ತಕ್ಷಣ ಎಡಗಡೆ ಹುಬ್ಬು ಅಲ್ಲಾಡ್ತು ಮೇಡಂ! ಇಲ್ವಾ? ನೊಣ ಕೂತಿತ್ತಾ? ಸರಿ, ನೊಣ ಅಂತಲೇ ಇಟ್ಕೊಳ್ಳೋಣ. ಅಯ್ಯೋ, ನಗಬೇಡಿ, ಚಿತ್ರದಲ್ಲಿ ತುಟಿಗೆ ಬಣ್ಣ ಹಾಕ್ತಿದೀನಿ. ದೇಶದ ದೊಡ್ಡ ಬ್ಯಾಂಕಿನ ಅಧ್ಯಕ್ಷೆ ಹಲ್ಲು ಕಿರಿದುಕೊಂಡು ಗೋಡೆ ಮೇಲೆ ನೇತಾಡಿದ್ರೆ ಜನ ಠೇವಣಿ ಕಿತ್ಕೊಂಡು ಓಡ್ತಾರೆ!

ನಿಮ್ಮ ಕಷ್ಟ ನಂಗೆ ಗೊತ್ತು. ನೀವು ಕೆಮ್ಮಿದ್ರೆ ಪೇಟೆ ಏರುತ್ತೆ, ಸೀನಿದ್ರೆ ಇಳಿಯುತ್ತೆ. ಅದಕ್ಕೇ ಬಾಯಿಗೆ ಬೀಗ. ಆದ್ರೆ ನಂದೂ ಸ್ವಲ್ಪ ನೋಡಿ. ಈ ಚಿತ್ರ ಮುಗಿಸಿ ಕೊಟ್ಟ ದಿನ ನಾನು ಹೇಳ್ಬೇಕು, ಸಂಭಾವನೆ ಡಾಲರಲ್ಲಿ ಬೇಕಾ, ನಮ್ಮ ದುಡ್ಡಲ್ಲಿ ಬೇಕಾ ಅಂತ. ಹಾಗಂತ ಹಠ ಹಿಡಿದು ಒಪ್ಪಂದದಲ್ಲಿ ಬರೆಸಿದವನೂ ನಾನೇ, ದೊಡ್ಡ ಜಾಣ! ಪಕ್ಕದ ಕೋಣೆ ಮುಂದಿನ ವರ್ಷ ಮಾರಾಟಕ್ಕೆ ಬರುತ್ತೆ, ಅದನ್ನ ಕೊಳ್ಬೇಕು. ಅಲ್ಲೀವರೆಗೆ ದುಡ್ಡನ್ನ ಯಾವ ವೇಷದಲ್ಲಿ ಇಡೋದು? ಡಾಲರ್ ಈಗಾಗಲೇ ಯೋಗ್ಯತೆ ಮೀರಿ ಉಬ್ಬಿದ್ರೆ, ನಾನು ತಗೊಂಡ ಮೇಲೆ ಠುಸ್ ಅಂದ್ರೆ... ಕೋಣೆ ಹೋಯ್ತು! ನೀವು ಕೂತಿದೀರಲ್ಲ, ಅದು ನಮ್ಮತ್ತೆ ಮಂಚದ ಜಾಗ. ನೀವು ಬಂದಾಗಲೆಲ್ಲ ಅವರನ್ನ ಮಂಚದ ಸಮೇತ ಅಡುಗೆಮನೆಗೆ ಸಾಗಿಸ್ತೀವಿ... ಹೂಂ, ಅದು ಅವರದೇ ಗೊರಕೆ. ನೀವು ಇಷ್ಟು ದಿನ ಫ್ರಿಜ್ ಅಂದ್ಕೊಂಡಿದ್ರಾ?

ಸರಿ, ಉಬ್ಬಿದೆಯೋ ಇಲ್ವೋ ನೋಡೋದು ಹೇಗೆ? ನಮ್ಮ ಭಾವ ಹೇಳ್ತಾನೆ, ಕ್ಷೌರದ ಅಂಗಡೀಲಿ ನೋಡು ಅಂತ. ಡಾಲರಿನ ನಾಡಲ್ಲಿ ಒಂದು ತಲೆಗೆ ಕೊಡೋ ದುಡ್ಡನ್ನ ಇಲ್ಲಿಗೆ ತಂದು ಬದಲಾಯಿಸಿದ್ರೆ ನಮ್ಮ ಬೀದಿಗೆ ಬೀದೀನೇ ಬೋಳಿಸಬಹುದಂತೆ. ಅಂದ್ಮೇಲೆ ಉಬ್ಬಿದೆ! ನಾನಂದೆ, ಭಾವಾ, ಈ ನೀಲಿ ಬಣ್ಣದ ಟ್ಯೂಬ್ ನೋಡು, ಹಡಗಲ್ಲಿ ಬಂದ ಮಾಲು. ಅಲ್ಲೂ ಹೆಚ್ಚುಕಮ್ಮಿ ಅದೇ ಬೆಲೆ, ಇಲ್ಲೂ ಅದೇ. ಟ್ಯೂಬಿನ ಪ್ರಕಾರ ಡಾಲರ್ ಸರಿಯಾಗೇ ಇದೆ! ಟ್ಯೂಬ್ ಹಡಗು ಹತ್ತುತ್ತೆ, ನಮ್ಮ ಕ್ಷೌರಿಕ ಹತ್ತಲ್ಲ, ಅವನಿಗೆ ಬಸ್ಸಲ್ಲೇ ವಾಂತಿ. ಹಾಗಾದ್ರೆ ತಲೆ ನಂಬೋದಾ, ಟ್ಯೂಬ್ ನಂಬೋದಾ? ...ಓ! ಬಾಯಿ ತೆರೆದ್ರಿ! ಹೇಳಿ, ಹೇಳಿ... ಆಕಳಿಕೆಯಾ. ಛೇ.

ನನ್ನ ಹೆಂಡತಿ ಇನ್ನೊಂದು ಹೇಳ್ತಾಳೆ. ಕಷ್ಟಕಾಲಕ್ಕಿರಲಿ ಅಂತ ಲೋಕವೆಲ್ಲ ಡಾಲರ್ ಎತ್ತಿಡುತ್ತಂತೆ, ನೀವೂ ರಾಶಿ ಇಟ್ಟಿದೀರಂತೆ. ಹಾಗಾಗಿ ಅದರ ಬೆಲೇಲಿ ಒಂದು ಪಾಲು ಬರೀ ಭಯ. ಜನ ಹೆದರ್ತಾ ಇರೋವರೆಗೂ ಆ ಪಾಲೂ ಸುಳ್ಳಲ್ಲ, ನೆಮ್ಮದಿಯಾಗಿ ನಿದ್ದೆ ಮಾಡೋಕೆ ಕೊಡೋ ಬೆಲೆ ಅದು. ಭಯ ಹೋದ ದಿನ ಇಳಿಯುತ್ತೆ. ಆ ದಿನ ಯಾವತ್ತು? ಯಾರಿಗ್ಗೊತ್ತು! 'ಕೋಣೆ ಮಾರೋನು ಕೇಳೋದು ನಮ್ಮ ದುಡ್ಡು ಕಣ್ರೀ, ಲೋಕದ ಭಯದ ಉಸಾಬರಿ ನಿಮಗ್ಯಾಕೆ' ಅಂತಾಳೆ. ಸರಿಯಾಗೇ ಹೇಳ್ತಾಳೆ, ಅದೇ ಸಿಟ್ಟು ನಂಗೆ!

ಯಾಕೆ ಎದ್ರಿ? ಕಾಲು ಜೋಮು ಹಿಡೀತಾ? ಕಿಟಕಿ ಹತ್ರ ಓಡಾಡಿ... ಈ ಕಡೆ ಬೇಡ! ಅರ್ಧಂಬರ್ಧ ಆದ ಚಿತ್ರ ನೋಡಬಾರದು ಮೇಡಂ. ಬಣ್ಣ ಹಸಿ ಇದೆ, ಕೈಗೆ ಮೆತ್ಕೊಳ್ಳುತ್ತೆ, ಮುಟ್ಟಬೇಡಿ... ಮುಟ್ಟಿದ್ರಾ.

ಬೆರಳಿಗೆ ಏನೂ ಹತ್ತಲಿಲ್ಲ, ಅಲ್ವಾ?

ಏನಾದ್ರೂ ಅನ್ನಿ ಮೇಡಂ. ಬೈದುಬಿಡಿ... ಸುಮ್ಮನೆ ಹಾಗೆ ನೋಡಬೇಡಿ. ಹೌದು, ಒಣಗಿ ಎಷ್ಟೋ ದಿನ ಆಯ್ತು. ಕಳೆದ ತಿಂಗಳೇ ಮುಗೀತು. ಆಮೇಲಿಂದ ಬರೀ ಒಣ ಕುಂಚ ಆಡಿಸ್ತಿದೀನಿ. ಡಾಲರ್ ಗುಟ್ಟು ನಿಮ್ಮ ಮುಖದಲ್ಲಿ ಎಲ್ಲಾದ್ರೂ ಸಿಗುತ್ತೇನೋ ಅಂತ...

ಇನ್ನೂ ಹಾಗೇ ನೋಡ್ತಿದೀರಿ. ಸರಿ, ಅದೂ ಪೂರ್ತಿ ನಿಜ ಅಲ್ಲ. ಹೆಂಡತಿ ಹೇಳಿದ ದಿನವೇ ನಮ್ಮ ದುಡ್ಡೇ ಸಾಕು ಅಂತ ತೀರ್ಮಾನ ಆಗ್ಹೋಗಿತ್ತು. ಆದ್ರೆ ಈ ಮನೇಲಿ ನಾನು ಬಾಯಿ ತೆಗೆದ್ರೆ ಎಲ್ಲರಿಗೂ ಏನೋ ಒಂದು ಕೆಲಸ ನೆನಪಾಗುತ್ತೆ. ಕೂತು ಪೂರ್ತಿ ಕೇಳಿದವರು ನೀವೊಬ್ರೇ. ಚಿತ್ರ ಕೊಟ್ಟುಬಿಟ್ರೆ ನೀವು ಬರಲ್ವಲ್ಲ ಅಂತ ಬೇಜಾರಾಯ್ತು ಮೇಡಂ. ಅಷ್ಟೇ.

ಡ್ರೈವರನ್ನ ಕರೀಲಾ? ಚಿತ್ರ ಇಳಿಸಿ, ಕಟ್ಟಿ ಕೊಡ್ತೀನಿ.

ಅರೆ... ಅಲ್ಲ, ಬಾಗಿಲು ಈ ಕಡೆ. ಮತ್ತೆ ಕುರ್ಚೀಲೇ ಕೂತ್ಬಿಟ್ರಾ? ಮುಗೀತು ಅಂದ್ನಲ್ಲ ಮೇಡಂ... ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ಬರ್ತಿದ್ರಾ...?

ಇರಿ ಇರಿ, ಸ್ಟೂಲ್ ಎಳ್ಕೋತೀನಿ. ಬಡ್ಡಿ ದರದ ವಿಷಯ ನಿಮಗಿನ್ನೂ ಹೇಳೇ ಇಲ್ಲ!